ಶೋಸಾಕು ನುಮಾ

ಬೆರಳನ್ನು ಮಡಿಸಬೇಕೆಂದು ಬಯಸಿದೊಡನೆ ಅದು ಮಡಿಯುತ್ತದೆ. ಈ ಅಲ್ಪಕಾರ್ಯದ ಹಿಂದೆ ನಡೆಯುವ ವ್ಯಾಪಾರವಾದರೋ ಅಲ್ಪವಲ್ಲ. ನರತಂತುವಿನ ತುದಿಗೂ ಸ್ನಾಯುವಿಗೂ ನಡುವೆ ಅತಿಸೂಕ್ಷ್ಮವಾದ ಒಂದು ಕಂದರವಿದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದೂತನು ಅದನ್ನು ದಾಟಿ ಸಂದೇಶವನ್ನು ಮುಟ್ಟಿಸುತ್ತಾನೆ. ಆಚೆಯ ದಡದಲ್ಲಿ ದೂತನನ್ನು ಬರಮಾಡಿಕೊಂಡು ಬಾಗಿಲು ತೆರೆಯುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು. ಮಿದುಳಿನ ಕೋಶಗಳು ತಮ್ಮೊಳಗೆ ಮಾತನಾಡುವುದೂ ಬಹುಮಟ್ಟಿಗೆ ಇಂತಹ ದೂತರ ಮೂಲಕವೇ. ಆ ಬಾಗಿಲಿನ ರಚನೆಯನ್ನು ಅಕ್ಷರ ಅಕ್ಷರವಾಗಿ ಓದಿದವರಲ್ಲಿ ಅಗ್ರಗಣ್ಯರು ಶೋಸಾಕು ನುಮಾ.

ನುಮಾ ಅವರು 1929ರಲ್ಲಿ ಜಪಾನಿನ ವಕಾಯಾಮದಲ್ಲಿ ಜನಿಸಿದರು. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಮ್ಯೂನಿಕ್ ನಗರದಲ್ಲಿ ಫಿಯೋಡರ್ ಲೀನೆನ್ ಅವರ ಬಳಿ ಕೊಬ್ಬಿನ ಆಮ್ಲಗಳ ಸಂಶೋಧನೆಯಲ್ಲಿ ತೊಡಗಿದರು. ಮುಂದೆ ಕ್ಯೋಟೋದಲ್ಲಿಯೇ ಪ್ರಾಧ್ಯಾಪಕರಾದರು. ಹೆಸರು ತಂದ ವಿಷಯವನ್ನೇ ನೆಚ್ಚಿಕೊಂಡಿದ್ದರೆ ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಐವತ್ತರ ಹೊಸ್ತಿಲಲ್ಲಿ ಅವರು ವಂಶವಾಹಿಗಳನ್ನು ಓದುವ ಹೊಸ ವಿದ್ಯೆಯತ್ತ ಹೊರಳಿದರು.

ಗ್ರಾಹಕವು ಸ್ನಾಯುವಿನಲ್ಲಿ ದೊರೆಯುವುದು ಅತ್ಯಲ್ಪ. ಟಾರ್ಪೀಡೊ ಎಂಬ ಕಡಲ ತೊರಕೆ ಮೀನಿಗೆ ವಿದ್ಯುತ್ತನ್ನು ಹೊರಸೂಸುವ ಅಂಗವೊಂದಿದೆ. ಅಲ್ಲಿ ಗ್ರಾಹಕವು ಹೇರಳ. ಅದನ್ನು ಗುರುತಿಸಲು ನೆರವಾದುದು ಕಟ್ಟುಹಾವಿನ ವಿಷ. ಆ ವಿಷವು ಗ್ರಾಹಕವನ್ನೇ ಹುಡುಕಿ ಹಿಡಿದು ಬಿಡದೆ ಅಂಟಿಕೊಳ್ಳುತ್ತದೆ. ಕೊಲ್ಲುವ ಗುಣವೇ ಇಲ್ಲಿ ಕೈದೀವಿಗೆಯಾಯಿತು! ಆಲ್ಫಾ ಎರಡು, ಬೀಟಾ, ಗಾಮಾ, ಡೆಲ್ಟಾ ಒಂದೊಂದು, ಹೀಗೆ ಐದು ಉಪಘಟಕಗಳು ಪೀಪಾಯಿಯ ಹಲಗೆಗಳಂತೆ ಸುತ್ತುಗಟ್ಟಿ ನಡುವೆ ದಾರಿ ಬಿಟ್ಟಿವೆಯೆಂದು ತಿಳಿದುಬಂದಿತು. 1980ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರತಿಯೊಂದರ ಮೊದಲ 54 ಅಮೈನೋ ಆಮ್ಲಗಳನ್ನು ಓದಿದರು. ಉಳಿದ ನೂರಾರು ಅಜ್ಞಾತವಾಗಿಯೇ ಇದ್ದವು.

ಪ್ಯಾರಿಸ್, ಲಂಡನ್ ಮೊದಲಾದೆಡೆಯ ಪ್ರಯೋಗಾಲಯಗಳೂ ಅದೇ ಗುರಿಯ ಬೆನ್ನು ಹತ್ತಿದ್ದವು. ನುಮಾ ಅವರ ತಂಡವು ತಿಳಿದಷ್ಟು ಭಾಗಕ್ಕೆ ಹೊಂದುವ ಡಿಎನ್‌ಎಯ ತುಣುಕುಗಳನ್ನು ರಚಿಸಿ, ಅವನ್ನೇ ಗಾಳವಾಗಿಸಿ ಪೂರ್ಣ ಸಂದೇಶವನ್ನು ಎಳೆದು ತೆಗೆಯಿತು. 1982ರಲ್ಲಿ ಆಲ್ಫಾದ 437 ಅಮೈನೋ ಆಮ್ಲಗಳ ಸರಣಿ ಪ್ರಕಟವಾಯಿತು. ಮರುವರ್ಷ ಉಳಿದ ಮೂರೂ ಹೊರಬಂದವು. ನಾಲ್ಕನ್ನೂ ಜೋಡಿಸಿ ನೋಡಿದಾಗ ಅವು ಒಂದೇ ಮೂಲಪುರುಷನ ಸಂತತಿಯೆಂಬುದು ಸ್ಪಷ್ಟವಾಯಿತು.

ಓದಿದುದು ನಿಜವೆಂದು ಸಿದ್ಧಪಡಿಸುವುದು ಹೇಗೆ? 1984ರಲ್ಲಿ ನಾಲ್ಕರ ಸಂದೇಶಗಳನ್ನೂ ಆಫ್ರಿಕದ ಕಪ್ಪೆಯೊಂದರ ಅಂಡದೊಳಗೆ ಸೇರಿಸಿದರು. ನರವನ್ನೇ ಕಾಣದ ಆ ಅಂಡವು ಅಸಿಟೈಲ್‌ಕೋಲಿನ್ನಿಗೆ ಓಗೊಟ್ಟಿತು. ಸಹಜವಾಗಿ ಓಗೊಡಲು ನಾಲ್ಕೂ ಬೇಕಾಗಿದ್ದವು. 1986ರಲ್ಲಿ ಹಂದಿಯ ಮಿದುಳಿನಿಂದ ಅದೇ ದೂತನ ಇನ್ನೊಂದು ಗ್ರಾಹಕವನ್ನು ಓದಿದರು; ಅದಾದರೋ ಒಂಟಿ ಸರಪಳಿ. ಅದೇ ವರ್ಷ ಬರ್ಟ್ ಸಾಕ್‌ಮನ್ ಅವರೊಡಗೂಡಿ ಮತ್ತೊಂದು ಸೋಜಿಗವನ್ನು ಬಯಲಿಗೆ ತಂದರು. ದನದ ಭ್ರೂಣದ ಸ್ನಾಯುವಿನಲ್ಲಿರುವ ಗಾಮಾ, ಪ್ರಾಯಕ್ಕೆ ಬಂದಾಗ ಎಪ್ಸಿಲಾನ್ ಎಂಬ ಉಪಘಟಕಕ್ಕೆ ಎಡೆ ಬಿಟ್ಟುಕೊಡುತ್ತದೆ.

1991ರಲ್ಲಿ ಸಾಕ್‌ಮನ್ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನುಮಾ ಅವರಿಗೆ ಅದು ಬರಲಿಲ್ಲ; ಬರಬೇಕಾಗಿತ್ತೆಂಬುದು ನನ್ನ ಎಣಿಕೆ. 1992ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಹುಟ್ಟಿನಿಂದಲೇ ರೆಪ್ಪೆ ಜೋತು, ಹಾಲು ಚೀಪಲೂ ತ್ರಾಣವಿಲ್ಲದ ಕೆಲವು ಶಿಶುಗಳಲ್ಲಿ ಎಪ್ಸಿಲಾನ್ ವಂಶವಾಹಿಯ ದೋಷವೇ ಕಾರಣವೆಂದು ವೈದ್ಯರು ಕಂಡುಕೊಂಡುದು ಅವರ ಮರಣಾನಂತರ.