ಚಾರ್ಲ್ಸ್ ಎಲ್ಟನ್: ಹೊರಗಿನಿಂದ ಬಂದ ಜೀವಿಗಳ ಲೆಕ್ಕ ಇಟ್ಟ ವಿಜ್ಞಾನಿ

ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಈ ಆಹಾರ ಸರಪಳಿಯ ಚಿತ್ರ ನೋಡದವರು ಕಡಿಮೆ. ಆದರೆ ಅದನ್ನು ಪರಿಸರ ವಿಜ್ಞಾನದ ನಡುಮಧ್ಯಕ್ಕೆ ತಂದವರ ಹೆಸರು ಪಾಠದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ (1900–1991). ಕಾಂಗ್ರೆಸ್ ಗಿಡ, ಲಂಟಾನ, ಆಫ್ರಿಕಾದ ದೈತ್ಯ ಬಸವನಹುಳು ಮುಂತಾದವುಗಳನ್ನು ನಾವಿಂದು ‘ಆಕ್ರಮಣಕಾರಿ ಪ್ರಭೇದಗಳು’ ಎಂದು ಕರೆಯುವುದಕ್ಕೂ ಬಹುಮಟ್ಟಿಗೆ ಅವರೇ ಕಾರಣ.

ಈ ವಿಷಯದ ಸುತ್ತ ಎರಡು ನಂಬಿಕೆಗಳು ಬೇರೂರಿವೆ. ಮನುಷ್ಯ ಕೈಹಾಕದಿದ್ದರೆ ಪ್ರಕೃತಿ ಸದಾ ಸಮತೋಲನದಲ್ಲಿರುತ್ತದೆ ಎಂಬುದು ಒಂದು. ಹೊರಗಿನಿಂದ ಬಂದ ಜೀವಿಯೆಲ್ಲ ಶತ್ರು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಟನ್ ಯೌವನದಲ್ಲೇ ಅಲ್ಲಗಳೆದರು. ಎರಡನೆಯದು ಹರಡಲು ಅವರ ಭಾಷೆಯೇ ತುಸು ನೆರವಾಯಿತು ಎನ್ನಬೇಕು.

ಮಂಜಿನ ದ್ವೀಪದಲ್ಲಿ ಕಲಿತದ್ದು

ಎಲ್ಟನ್ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ, 1900ರ ಮಾರ್ಚ್ 29ರಂದು. ತಂದೆ ಆಲಿವರ್ ಎಲ್ಟನ್ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು. ಹುಡುಗನಿಗೆ ಹುಳಹುಪ್ಪಟೆಗಳ ಗೀಳು ಹಿಡಿಸಿದವರು ಅಣ್ಣ ಜೆಫ್ರಿ. ಆಕ್ಸ್‌ಫರ್ಡಿನಲ್ಲಿ ಪ್ರಾಣಿವಿಜ್ಞಾನ ಓದುವಾಗ ಜೂಲಿಯನ್ ಹಕ್ಸ್‌ಲಿ ಅವರ ಅಧ್ಯಾಪಕರಾಗಿದ್ದರು. ಆಗಿನ ಪ್ರಾಣಿವಿಜ್ಞಾನವೆಂದರೆ ಮುಖ್ಯವಾಗಿ ಸತ್ತ ಪ್ರಾಣಿಯನ್ನು ಕೊಯ್ದು ಒಳಗೇನಿದೆ ಎಂದು ನೋಡುವುದು. ಎಲ್ಟನ್‌ಗೆ ಬೇಕಿದ್ದದ್ದು ಬದುಕಿರುವ ಪ್ರಾಣಿಗಳು: ಎಲ್ಲಿ ಎಷ್ಟಿವೆ, ಏನು ತಿನ್ನುತ್ತವೆ, ಯಾರಿಗೆ ಆಹಾರವಾಗುತ್ತವೆ.

1921ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಹಕ್ಸ್‌ಲಿ ಅವರನ್ನು ಉತ್ತರ ಧ್ರುವದ ಬಳಿಯ ಸ್ಪಿಟ್ಸ್‌ಬರ್ಗನ್ ದ್ವೀಪದ ಯಾತ್ರೆಗೆ ಕರೆದೊಯ್ದರು. ಜೀವಿಗಳ ಸಂಬಂಧ ಅರಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುತ್ತಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಒಂದು ಎಕರೆ ಕಾಡಿನಲ್ಲಿ ಯಾರು ಯಾರನ್ನು ತಿನ್ನುತ್ತಾರೆಂದು ಪಟ್ಟಿ ಮಾಡಲು ಹೊರಟರೆ ಒಂದು ಆಯುಷ್ಯ ಸಾಲದು. ಮಂಜಿನ ದ್ವೀಪದಲ್ಲಿ ಜೀವಿಗಳೇ ಕೆಲವು. ಎಲ್ಟನ್ ಮತ್ತು ಸಸ್ಯವಿಜ್ಞಾನಿ ಸಮರ್‌ಹೇಸ್ ಸೇರಿ ಅಲ್ಲಿನ ಪಾಚಿ, ಹುಳ, ಹಕ್ಕಿ, ನರಿಗಳನ್ನು ಬಾಣದ ಗುರುತುಗಳಿಂದ ಜೋಡಿಸಿ, ಇಡೀ ಸಮುದಾಯದ ಆಹಾರ ಸಂಬಂಧಗಳ ನಕ್ಷೆಯನ್ನು 1923ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಎರಡನೇ ಯಾತ್ರೆಯಿಂದ ಮರಳುವಾಗ ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿ ಆ ದೇಶದ ಸಸ್ತನಿಗಳ ಬಗ್ಗೆ ಒಂದು ಪುಸ್ತಕ ಕೊಂಡರು. ಅವರಿಗೆ ನಾರ್ವೆಯ ಭಾಷೆ ಬರುತ್ತಿರಲಿಲ್ಲ. ನಿಘಂಟು ಹಿಡಿದು ಪದ ಪದ ಬಿಡಿಸಿ ಓದಿದಾಗ, ಲೆಮಿಂಗ್ ಎಂಬ ಇಲಿಯಂಥ ಪ್ರಾಣಿ ಮೂರು ನಾಲ್ಕು ವರ್ಷಕ್ಕೊಮ್ಮೆ ವಿಪರೀತ ಹೆಚ್ಚಿ ಮತ್ತೆ ಕುಸಿಯುವುದು ಕಂಡಿತು. ನಂತರ ಕೆನಡಾದ ತುಪ್ಪಳ ವ್ಯಾಪಾರಿ ಸಂಸ್ಥೆ ಹಡ್ಸನ್ಸ್ ಬೇ ಕಂಪನಿಯ ಸಲಹೆಗಾರರಾದರು. ಕಂಪನಿಯ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಯಾವ ವರ್ಷ ಎಷ್ಟು ಚರ್ಮ ಬಂತು ಎಂಬುದರ ಸುಮಾರು ಎರಡು ಶತಮಾನಗಳ ದಾಖಲೆಯಿತ್ತು. ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತಿದ್ದುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ವ್ಯಾಪಾರಿಗಳ ಜಮಾಖರ್ಚಿನಿಂದ ವಿಜ್ಞಾನ ಹುಟ್ಟಿದ ಸಂದರ್ಭಗಳಲ್ಲಿ ಇದೂ ಒಂದು.

ಈ ಏರಿಳಿತಗಳನ್ನು ನೋಡಿದ ಮೇಲೆ ‘ಪ್ರಕೃತಿಯ ಸಮತೋಲನ’ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಅಂಥದ್ದೊಂದು ಇಲ್ಲ, ಬಹುಶಃ ಎಂದೂ ಇರಲಿಲ್ಲ ಎಂಬುದು 1930ರ ಹೊತ್ತಿಗೆ ಅವರ ನಿಲುವಾಗಿತ್ತು.

ಲೆಮಿಂಗ್‌ಗಳು ಸಾಮೂಹಿಕವಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಕಥೆಯನ್ನು ನೀವು ಕೇಳಿರಬಹುದು. ಅದು ಸುಳ್ಳು. ಆಹಾರದ ಕೊರತೆ, ಬೇಟೆಗಾರ ಪ್ರಾಣಿಗಳು ಮೊದಲಾದ ಕಾರಣಗಳಿಂದ ಅವುಗಳ ಸಂಖ್ಯೆ ಕುಸಿಯುತ್ತದೆ. ವಲಸೆ ಹೋಗುವಾಗ ಕೆಲವು ನೀರಿನಲ್ಲಿ ಮುಳುಗುವುದೂ ಉಂಟು. ಎಲ್ಟನ್ ಕೂಡ ಆರಂಭದಲ್ಲಿ ಹಳೆಯ ವರ್ಣನೆಗಳನ್ನು ನಂಬಿ ಸಮುದ್ರಕ್ಕಿಳಿಯುವ ಲೆಮಿಂಗ್‌ಗಳ ಬಗ್ಗೆ ಬರೆದಿದ್ದರು. ಆದರೆ ಕಥೆ ಜಗತ್ತಿನಾದ್ಯಂತ ಹಬ್ಬಿದ್ದು 1958ರ ಒಂದು ಡಿಸ್ನಿ ಚಿತ್ರದಿಂದ. ಆ ದೃಶ್ಯವನ್ನು ಕಡಲೇ ಇಲ್ಲದ ಆಲ್ಬರ್ಟಾ ಪ್ರಾಂತ್ಯದಲ್ಲಿ ಲೆಮಿಂಗ್‌ಗಳನ್ನು ತಂದುಬಿಟ್ಟು ಚಿತ್ರೀಕರಿಸಲಾಗಿತ್ತು.

ಅಳಿಲು, ಇಲಿ, ಯುದ್ಧ

1927ರಲ್ಲಿ ಬಂದ ‘ಅನಿಮಲ್ ಎಕಾಲಜಿ’ ಪುಸ್ತಕವನ್ನು ಎಲ್ಟನ್ ಮೂರು ತಿಂಗಳೊಳಗೆ ಬರೆದು ಮುಗಿಸಿದ್ದರು. ಆಹಾರ ಸರಪಳಿ, ಪ್ರತಿ ಜೀವಿಗೂ ಸಮುದಾಯದಲ್ಲಿ ಒಂದು ಕಸುಬು ಇರುತ್ತದೆ ಎಂಬ ವಿಚಾರ, ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ಸಂಖ್ಯೆಗಳ ಪಿರಮಿಡ್ ಎಲ್ಲವೂ ಅದರಲ್ಲಿವೆ. 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಣಿಸಂಖ್ಯೆಯ ಅಧ್ಯಯನಕ್ಕೆಂದೇ ಒಂದು ಪುಟ್ಟ ಕೇಂದ್ರ ತೆರೆದರು. ಮುಂದಿನ 35 ವರ್ಷ ಅದೇ ಅವರ ಜಗತ್ತು. 1937ರಲ್ಲಿ ಕವಯಿತ್ರಿ ಇ. ಜೆ. ಸ್ಕೊವೆಲ್ ಅವರನ್ನು ಮದುವೆಯಾದರು. ಅದು ಎಲ್ಟನ್ ಅವರ ಎರಡನೇ ಮದುವೆ.

ಹೊರಗಿನ ಜೀವಿಗಳ ಪ್ರಶ್ನೆ ಆ ಕೇಂದ್ರದ ಬಾಗಿಲಿಗೆ ತಾನಾಗಿಯೇ ಬಂತು. 19ನೇ ಶತಮಾನದಲ್ಲಿ ಶ್ರೀಮಂತರು ತಮ್ಮ ತೋಟಗಳ ಅಂದಕ್ಕೆಂದು ಅಮೆರಿಕದಿಂದ ತಂದುಬಿಟ್ಟ ಬೂದು ಅಳಿಲುಗಳು ಬ್ರಿಟನ್ ತುಂಬ ಹರಡಿ, ಅಲ್ಲಿಯದೇ ಆದ ಕೆಂಪು ಅಳಿಲುಗಳು ಒಂದೊಂದೇ ಜಿಲ್ಲೆಯಿಂದ ಮರೆಯಾಗುತ್ತಿದ್ದವು. ಎಲ್ಟನ್ ಜೊತೆಗಾರರು ಇದನ್ನು ಊರೂರಿಂದ ಮಾಹಿತಿ ಕೂಡಿಸಿ ದಾಖಲಿಸಿದರು. ತುಪ್ಪಳಕ್ಕಾಗಿ ಸಾಕಲು ತಂದ ಮಸ್ಕ್‌ರಾಟ್‌ಗಳು ತಪ್ಪಿಸಿಕೊಂಡು ನದಿದಂಡೆ ಕೊರೆಯತೊಡಗಿದ್ದವು. ಅವು ಇನ್ನೂ ಕೆಲವೇ ಕಡೆ ಇದ್ದಾಗ ಬಲೆ ಹಾಕಿದ್ದರಿಂದ 1930ರ ದಶಕ ಮುಗಿಯುವುದರೊಳಗೆ ಬ್ರಿಟನ್ನಿನಿಂದ ಪೂರ್ತಿ ನಿರ್ಮೂಲವಾದವು. ಅಳಿಲಿನ ವಿಷಯದಲ್ಲಿ ಹೊತ್ತು ಮೀರಿತ್ತು. ಇಂದಿಗೂ ಆಕ್ರಮಣಕಾರಿ ಪ್ರಭೇದಗಳ ನಿಯಂತ್ರಣದಲ್ಲಿ ಇದಕ್ಕಿಂತ ದೊಡ್ಡ ಸೂತ್ರವಿಲ್ಲ.

ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿ ಆಹಾರ ದುಬಾರಿಯಾದಾಗ, ಕಣಜಗಳನ್ನು ಇಲಿಗಳಿಂದ ಕಾಪಾಡುವ ಹೊಣೆ ಈ ಕೇಂದ್ರದ ಮೇಲೆ ಬಿತ್ತು. ಕಂದು ಹೆಗ್ಗಣವೂ ಬ್ರಿಟನ್ನಿಗೆ ಹೊರಗಿನದೇ. 18ನೇ ಶತಮಾನದಲ್ಲಿ ಹಡಗಿನಲ್ಲಿ ಬಂದದ್ದು. ಹೆಗ್ಗಣ ಹೊಸ ವಸ್ತುವನ್ನು ಕಂಡರೆ ಅನುಮಾನಿಸುತ್ತದೆ. ಆದ್ದರಿಂದ ಮೊದಲು ಕೆಲವು ದಿನ ವಿಷವಿಲ್ಲದ ಧಾನ್ಯವಿಟ್ಟು ರೂಢಿ ಮಾಡಿಸಿ, ಆಮೇಲೆ ವಿಷ ಬೆರೆಸುವ ವಿಧಾನವನ್ನು ಎಲ್ಟನ್ ತಂಡ ಲೆಕ್ಕ ಹಾಕಿ ಒರೆಗೆ ಹಚ್ಚಿತು. ಯುದ್ಧ ಮುಗಿದ ಮೇಲೆ ಪ್ರಕೃತಿ ಸಂರಕ್ಷಣೆಗೆ ಸರ್ಕಾರಿ ಸಂಸ್ಥೆಯೊಂದು 1949ರಲ್ಲಿ ರೂಪುಗೊಳ್ಳಲು ನೆರವಾದವರಲ್ಲಿ ಇವರೂ ಒಬ್ಬರು. ಒಂದೇ ಕೈ ಕೊಲ್ಲುವುದನ್ನೂ ಕಾಯುವುದನ್ನೂ ಮಾಡಿದ್ದರಲ್ಲಿ ಅವರಿಗೆ ವಿರೋಧಾಭಾಸ ಕಾಣಲಿಲ್ಲ. ಎರಡಕ್ಕೂ ಬೇಕಾದದ್ದು ಎಣಿಕೆ.

1958ರ ಪುಸ್ತಕ

1957ರಲ್ಲಿ ಎಲ್ಟನ್ ಬಿಬಿಸಿ ರೇಡಿಯೊದಲ್ಲಿ ಮೂರು ಭಾಷಣ ಮಾಡಿದರು. ಅವೇ ಬೆಳೆದು ಮರುವರ್ಷ ಪ್ರಾಣಿ ಮತ್ತು ಸಸ್ಯಗಳ ಆಕ್ರಮಣದ ಬಗೆಗಿನ ಅವರ ಪ್ರಸಿದ್ಧ ಪುಸ್ತಕವಾಯಿತು. ಲಕ್ಷಾಂತರ ವರ್ಷ ಸಮುದ್ರ, ಪರ್ವತ, ಮರುಭೂಮಿಗಳು ಜೀವಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದ್ದವು. ಹಡಗು, ವಿಮಾನ, ವ್ಯಾಪಾರಗಳು ಆ ಗೋಡೆಗಳನ್ನು ಕೆಲವೇ ಶತಮಾನಗಳಲ್ಲಿ ಕೆಡವಿವೆ. ಪುಸ್ತಕದ ತಿರುಳು ಇದು.

ಅದರಲ್ಲಿ ಬರುವ ಒಂದು ಘಟನೆ ನೋಡಿ. 1930ರ ಸುಮಾರಿಗೆ ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆ ಡಕಾರ್ ಬಂದರಿನಿಂದ ವೇಗದ ಹಡಗೇರಿ ಬ್ರೆಜಿಲ್ ಸೇರಿತು. ನಿಧಾನದ ಹಾಯಿಹಡಗಿನಲ್ಲಿ ದಾರಿಯಲ್ಲೇ ಸಾಯುತ್ತಿತ್ತೋ ಏನೋ. ಬ್ರೆಜಿಲ್‌ನಲ್ಲಿ ಮಲೇರಿಯಾ ಮೊದಲೇ ಇತ್ತು, ಸೊಳ್ಳೆಗಳೂ ಇದ್ದವು. ಆದರೆ ಈ ಹೊಸ ಸೊಳ್ಳೆ ಮನೆಯೊಳಗೇ ಬಂದು ಮನುಷ್ಯರನ್ನೇ ಹುಡುಕಿ ಕಚ್ಚುತ್ತಿತ್ತು. 1938ರ ಸಾಂಕ್ರಾಮಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಭಾರೀ ಕಾರ್ಯಾಚರಣೆ ನಡೆಸಿ 1940ರ ಹೊತ್ತಿಗೆ ಆ ಸೊಳ್ಳೆಯನ್ನು ಅಲ್ಲಿಂದ ನಿರ್ಮೂಲ ಮಾಡಲಾಯಿತು.

ಇಷ್ಟನ್ನು ಹೇಳಲು ಎಲ್ಟನ್ ಬಳಸಿದ ಪದಗಳು ಆಕ್ರಮಣ, ಸ್ಫೋಟ, ಕದನ. ಎರಡು ಮಹಾಯುದ್ಧ ಕಂಡ, ಅಣುಬಾಂಬಿನ ನೆರಳಲ್ಲಿದ್ದ ಪೀಳಿಗೆಗೆ ಆ ಭಾಷೆ ಸಹಜವಾಗಿತ್ತು. ಆದರೆ ಭಾಷೆ ಉಳಿದುಕೊಂಡಿತು. 2011ರಲ್ಲಿ 19 ಪರಿಸರ ವಿಜ್ಞಾನಿಗಳು, ಜೀವಿಯನ್ನು ಅದು ಎಲ್ಲಿಂದ ಬಂತೆಂದು ನೋಡಿ ತೀರ್ಪು ಕೊಡಬಾರದು, ಏನು ಮಾಡುತ್ತಿದೆಯೆಂದು ನೋಡಿ ಕೊಡಬೇಕು ಎಂದು ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು. ಅಂಕಿಗಳೂ ಇದಕ್ಕೆ ಹೊಂದುತ್ತವೆ. 2023ರ ಐಪಿಬಿಇಎಸ್ ಅಂತರರಾಷ್ಟ್ರೀಯ ವರದಿಯ ಪ್ರಕಾರ ಮನುಷ್ಯರಿಂದಾಗಿ ಹೊಸ ನೆಲದಲ್ಲಿ ನೆಲೆಯೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು; ಹಾನಿಕಾರಕವೆಂದು ದಾಖಲಾದವು 3,500ಕ್ಕೂ ಹೆಚ್ಚು. ಅಂದರೆ ಹತ್ತರಲ್ಲಿ ಒಂದರಷ್ಟು. ನಮ್ಮ ಒಗ್ಗರಣೆಯ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದದ್ದೇ. ಹಾಗೆಂದು ಆ ಹತ್ತನೇ ಒಂದು ಪಾಲನ್ನು ಹಗುರವಾಗಿ ಕಾಣುವಂತಿಲ್ಲ: ಇದುವರೆಗೆ ದಾಖಲಾದ ಪ್ರಭೇದನಾಶಗಳಲ್ಲಿ ಶೇ. 60ರಲ್ಲಿ ಅವುಗಳ ಕೈವಾಡವಿದೆ ಎನ್ನುತ್ತದೆ ಅದೇ ವರದಿ.

ಎಲ್ಟನ್ ಅವರ ಇನ್ನೊಂದು ವಾದ, ವೈವಿಧ್ಯ ಹೆಚ್ಚಿರುವ ಕಡೆ ಹೊರಗಿನ ಜೀವಿ ಸುಲಭವಾಗಿ ಬೇರೂರುವುದಿಲ್ಲ ಎಂಬುದು. ದ್ವೀಪಗಳು ಮತ್ತು ಒಂದೇ ಬೆಳೆಯ ಹೊಲಗಳು ಬೇಗ ಸೋಲುವುದನ್ನು ಅವರು ಉದಾಹರಿಸಿದರು. ಆದ್ದರಿಂದಲೇ ಹೊಲದ ಬೇಲಿಸಾಲು, ರಸ್ತೆಬದಿಯ ಗಿಡಗಂಟಿ ಉಳಿಸಿ, ಕೀಟನಾಶಕವನ್ನು ಮನಬಂದಂತೆ ಸುರಿಯಬೇಡಿ ಎಂದರು. ನಾಲ್ಕು ವರ್ಷದ ನಂತರ ‘ಸೈಲೆಂಟ್ ಸ್ಪ್ರಿಂಗ್’ ಬರೆದ ರೇಚಲ್ ಕಾರ್ಸನ್‌ಗೆ ಈ ಮಾತುಗಳು ಆಸರೆಯಾದವು. ವಾದ ಮಾತ್ರ ಅರ್ಧ ಗೆದ್ದಿದೆ. ಸಣ್ಣ ಸಣ್ಣ ಮಡಿಗಳಲ್ಲಿ ಪ್ರಯೋಗ ಮಾಡಿದರೆ ಅದು ಬಹುಪಾಲು ನಿಲ್ಲುತ್ತದೆ. ಇಡೀ ಪ್ರದೇಶ ನೋಡಿದರೆ, ಸ್ಥಳೀಯ ಜೀವಿಗಳು ಹೆಚ್ಚಿರುವಲ್ಲಿ ಹೊರಗಿನವೂ ಹೆಚ್ಚಿರುವುದು ಕಾಣುತ್ತದೆ.

ಇದಕ್ಕೆ ನಮ್ಮ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. ಜೀವವೈವಿಧ್ಯಕ್ಕೆ ಹೆಸರಾದ ಆ ಕಾಡನ್ನೂ ಲಂಟಾನ ನುಂಗಿತು. ಕಾರಣ ಕೇಳಿದರೆ ಅಲ್ಲಿನ ಸೋಲಿಗರು ತರಗು ಬೆಂಕಿಯ ಕಡೆ ಬೆರಳು ಮಾಡುತ್ತಾರೆ. ಬೇಸಿಗೆಯ ಮೊದಲಿಗೆ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಎಳೆಯ ಲಂಟಾನವನ್ನು ಸುಡುತ್ತಿತ್ತು. 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಸಂಶೋಧಕರು ಈ ವಿವರಣೆಯನ್ನು ಗಂಭೀರವಾಗಿ ಪರಿಗಣಿಸಿ ಪ್ರಕಟಿಸಿದ್ದಾರೆ. ಕಾಡಿನಲ್ಲಿ ಎಷ್ಟು ಬಗೆಯ ಗಿಡಗಳಿವೆ ಎಂಬುದರ ಜೊತೆಗೆ ಆ ಕಾಡು ಹೇಗೆ ನಡೆದುಕೊಂಡು ಬಂದಿತ್ತು ಎಂಬುದೂ ಮುಖ್ಯ ಎಂದು ನಮಗನಿಸುವುದು ಇದರಿಂದ.

ಎಲ್ಟನ್ ಪುಸ್ತಕ ಬಂದಾಗ ಅದನ್ನು ಹಿಂಬಾಲಿಸಿ ಕೆಲಸ ಮಾಡಿದವರು ಕಡಿಮೆ. ಆಕ್ರಮಣಕಾರಿ ಜೀವಿಗಳ ವಿಜ್ಞಾನ ಚಿಗುರಿದ್ದು 1980ರ ದಶಕದ ಬಳಿಕ. ಅಷ್ಟರಲ್ಲಿ ಅವರು ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಇಪ್ಪತ್ತು ವರ್ಷ ಕೊಳೆತ ಮರದಿಮ್ಮಿ, ಪೊಟರೆ, ಬೇಲಿಗಳೊಳಗಿನ ಜೀವಿಗಳನ್ನು ಪಟ್ಟಿ ಮಾಡಿ 1966ರಲ್ಲಿ ಮತ್ತೊಂದು ದೊಡ್ಡ ಗ್ರಂಥ ಮುಗಿಸಿದ್ದರು. ಬಿದ್ದ ಮರಗಳನ್ನು ಸಾಗಿಸಿದರೆ ಕಾಡು ತನ್ನ ಪ್ರಾಣಿಗಳಲ್ಲಿ ಐದನೇ ಒಂದು ಭಾಗವನ್ನೇ ಕಳೆದುಕೊಳ್ಳಬಹುದು ಎಂಬ ಅಂದಾಜು ಅದರಲ್ಲಿದೆ. 1967ರಲ್ಲಿ ನಿವೃತ್ತರಾದರು, ವಿಶ್ವವಿದ್ಯಾಲಯ ಅವರ ಕೇಂದ್ರವನ್ನೂ ಮುಚ್ಚಿತು.

ಉಷ್ಣವಲಯದ ದಟ್ಟ ಕಾಡುಗಳಲ್ಲಿ ಕೀಟಗಳು ಇದ್ದಕ್ಕಿದ್ದಂತೆ ವಿಪರೀತ ಹೆಚ್ಚುವುದಿಲ್ಲ ಎಂಬುದು 1958ರ ಅವರ ವಾದದ ಒಂದು ಕಂಬವಾಗಿತ್ತು. ನಿವೃತ್ತಿಯ ನಂತರ ಪನಾಮಾ ಮತ್ತು ಬ್ರೆಜಿಲ್‌ನ ಮಳೆಕಾಡುಗಳಲ್ಲಿ ಹುಳಗಳನ್ನು ಎಣಿಸಿ, 1973ರಲ್ಲಿ ಆ ಲೆಕ್ಕವನ್ನು ಪ್ರಕಟಿಸಿದರು. ಆಗ ಅವರಿಗೆ 73 ವರ್ಷ.