ಹನ್ನೆರಡನೆಯ ಶಾಪ

ಬೈಬಲಿನ ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿ ಹನ್ನೆರಡು ಶಾಪಗಳಿವೆ. ಲೇವಿಯರು ಒಂದೊಂದನ್ನೂ ಘೋಷಿಸಿದಾಗ ಜನರೆಲ್ಲರೂ ಆಮೆನ್ ಎನ್ನಬೇಕೆಂಬುದು ಮೋಶೆಯ ವಿಧಿ. ಮೊದಲಿನ ಹನ್ನೊಂದು ಶಾಪಗಳು ಗೊತ್ತಾದ ಪಾಪಗಳನ್ನು ಕುರಿತವು: ಗುಟ್ಟಾಗಿ ವಿಗ್ರಹವನ್ನು ಸ್ಥಾಪಿಸುವುದು, ನೆರೆಯವನ ಗಡಿಕಲ್ಲನ್ನು ಸರಿಸುವುದು, ಕುರುಡನಿಗೆ ದಾರಿ ತಪ್ಪಿಸುವುದು. ಕೊನೆಯದು ಮಾತ್ರ ಧರ್ಮಶಾಸ್ತ್ರವನ್ನು ಎತ್ತಿಹಿಡಿದು ನಡೆಯದವರೆಲ್ಲರ ಮೇಲೂ ಬೀಳುವಂಥದು. ಹಾಗಾದರೆ ಅದರಿಂದ ಪಾರಾಗುವವರಾರು? ಮಾರ್ಟಿನ್ ಲೂಥರನ ಬಾಳನ್ನು ರೂಪಿಸಿದ ಭೀತಿಯು ಈ ಬಗೆಯದು.

ಲೂಥರನು ಜನಿಸಿದ್ದು 1483ರಲ್ಲಿ, ಜರ್ಮನಿಯ ಐಸ್ಲೆಬೆನ್ ಎಂಬ ಊರಿನಲ್ಲಿ. ತಂದೆಯ ಇಚ್ಛೆಯಂತೆ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದ್ದ ಆತನು 1505ರ ಜುಲೈ ತಿಂಗಳಲ್ಲಿ ದಾರಿಯಲ್ಲಿ ಎರಗಿದ ಸಿಡಿಲಿಗೆ ಬೆದರಿ, ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು, ಎರ್ಫರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪ್ರಾರ್ಥನೆಗಳಲ್ಲಿ ಯಾವುದಕ್ಕೂ ಕೊರತೆ ಮಾಡಲಿಲ್ಲ. ಪಾಪನಿವೇದನೆಗೆ ಗಂಟೆಗಟ್ಟಲೆ ಕುಳಿತರೂ ಹೇಳದೆ ಉಳಿದ ತಪ್ಪೊಂದು ಇದ್ದೀತೆಂಬ ಶಂಕೆ ಬಿಡಲಿಲ್ಲ. ಹಿರಿಯನಾದ ಸ್ಟೌಪಿಟ್ಸನು ಕ್ರಿಸ್ತನ ಕರುಣೆಯನ್ನು ನೆನೆಯುವಂತೆ ಬೋಧಿಸಿದನು. 1512ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಲೂಥರನು ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲಿನ ಅಧ್ಯಾಪಕನಾದನು.

ಗಲಾತ್ಯದವರಿಗೆ ಪೌಲನು ಬರೆದ ಪತ್ರವನ್ನು ಆತನು 1516ರಲ್ಲಿ ಒಮ್ಮೆ, 1531ರಲ್ಲಿ ಮತ್ತೊಮ್ಮೆ ಪಾಠ ಹೇಳಿದನು. ಶಾಸ್ತ್ರವನ್ನು ನಡೆಸದವನು ಶಾಪಗ್ರಸ್ತನೆಂಬುದು ಮೋಶೆಯ ಮಾತು. ಶಾಸ್ತ್ರಕರ್ಮಗಳನ್ನು ನೆಚ್ಚಿದವರೇ ಶಾಪಾಧೀನರೆಂಬುದು ಪೌಲನ ಮಾತು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ. ವಿಶ್ವಾಸವಿಲ್ಲದೆ ಮಾಡಿದ ಕರ್ಮವು ಶಾಸ್ತ್ರಪಾಲನೆಯೇ ಅಲ್ಲ, ಆದುದರಿಂದ ಇಬ್ಬರ ಅಭಿಪ್ರಾಯವೂ ಒಂದೇ ಎಂದು ಲೂಥರನು ಸಮನ್ವಯಗೊಳಿಸಿದನು. ಕ್ರಿಸ್ತನೇ ಆ ಶಾಪವನ್ನು ಹೊತ್ತನೆಂಬ ಪೌಲನ ಬೋಧೆಯಲ್ಲಿ ಆತನಿಗೆ ನೆಮ್ಮದಿ ದೊರೆಯಿತು. 1517ರ ತೊಂಬತ್ತೈದು ಪ್ರಮೇಯಗಳಿಂದ ಮೊದಲಾಗಿ 1521ರಲ್ಲಿ ವೋರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯೆದುರು ತೋರಿದ ಧೈರ್ಯದವರೆಗೂ, 1534ರಲ್ಲಿ ಮುಗಿದ ಜರ್ಮನ್ ಬೈಬಲಿನವರೆಗೂ ಆತನನ್ನು ನಡೆಸಿದ್ದು ಈ ವಿಶ್ವಾಸವೇ.

ಆದರೆ ಆ ವಚನಕ್ಕೆ ಬೇರೊಂದು ಅರ್ಥವೂ ಉಂಟು. ಪೌಲನು ಉದ್ಧರಿಸಿದ್ದು ಗ್ರೀಕ್ ಅನುವಾದವನ್ನು ಅನುಸರಿಸಿ. ಶಾಸ್ತ್ರದ ಎಲ್ಲ ಮಾತುಗಳನ್ನೂ ಎಂದು ಅಲ್ಲಿರುವ ಎಲ್ಲ ಎಂಬ ಪದವು ಹೀಬ್ರೂ ಮೂಲದಲ್ಲಿಲ್ಲ. 13ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ನಹ್ಮನಿಡೀಸನ ಪ್ರಕಾರ ಈ ಶಾಪವು ಆಸೆಗೆ ಸಿಲುಕಿ ಎಡವಿದವನಿಗೆ ಅಲ್ಲ, ಶಾಸ್ತ್ರವನ್ನೇ ಮನಸ್ಸಿನಲ್ಲಿ ತಳ್ಳಿಹಾಕಿದವನಿಗೆ. ಎಡವುವ ಮನುಷ್ಯನಿಗೆ ಆ ಸಂಪ್ರದಾಯದಲ್ಲಿ ಪಶ್ಚಾತ್ತಾಪದ ಬಾಗಿಲು ತೆರೆದೇ ಇದೆ.

ಯೆಹೂದಿಗಳ ಇಂಥ ಅರ್ಥಗಳಿಗೆ ಲೂಥರನ ಮನಸ್ಸು ತೆರೆಯಲಿಲ್ಲ. ತಾನು ಭಯದಿಂದ ಬಿಡುಗಡೆ ಹೊಂದಿದ ಆತನೇ 1543ರಲ್ಲಿ ಗ್ರಂಥವೊಂದನ್ನು ಬರೆದು, ಅವರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದೂ ಧರ್ಮಗ್ರಂಥಗಳನ್ನು ಕಸಿದುಕೊಳ್ಳಬೇಕೆಂದೂ ಆಳುವವರನ್ನು ಪ್ರೇರಿಸಿದನು. 1546ರಲ್ಲಿ, ಹುಟ್ಟಿದ ಊರಾದ ಐಸ್ಲೆಬೆನ್‌ನಲ್ಲಿಯೇ ತೀರಿಕೊಂಡನು. ನಾಲ್ಕು ಶತಮಾನಗಳ ತರುವಾಯ ನಾಜಿಗಳು ಆ ಬರಹವನ್ನು ತಮ್ಮ ದ್ವೇಷಕ್ಕೆ ಆಧಾರವಾಗಿ ಬಳಸಿಕೊಂಡರು. ಅಮೆರಿಕದ ಇವಾಂಜೆಲಿಕಲ್ ಲೂಥರನ್ ಚರ್ಚು 1994ರಲ್ಲಿ ಅದನ್ನು ಬಹಿರಂಗವಾಗಿ ತಿರಸ್ಕರಿಸಿತು. ಲೂಥರನನ್ನು ಗೌರವಿಸುವವರು ಆತನ ಬಿಡುಗಡೆಯ ಕಥೆಯ ಜೊತೆಗೆ ಇದನ್ನೂ ಓದಬೇಕಾಗುತ್ತದೆ.