ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರೂ ಗುರುಗಳ ಶಿಕ್ಷಣವೂ

ಮಠದ ಪೀಠವನ್ನೇರಿದವರಿಗೆ ಏಕಾಂತವೆಂಬುದು ದುರ್ಲಭವಾದ ವಸ್ತು. ಬೆಳಗಾಯಿತೆಂದರೆ ಭಕ್ತರ ಬಿನ್ನಹಗಳು, ಪಾದಪೂಜೆಯ ಆಮಂತ್ರಣಗಳು, ಊರವರ ಜಗಳಗಳ ನ್ಯಾಯ, ಮಠದ ಹೊಲಮನೆಗಳ ಲೆಕ್ಕ. ಇವುಗಳಲ್ಲಿಯೇ ಹೊತ್ತು ಮುಳುಗುವುದು. ನೂರು ಜನರಿಗೆ ಶಾಂತಿಯನ್ನು ಹಂಚಬೇಕಾದವರು ತಾವೇ ಶಾಂತಿಗೆ ಎರವಾಗುವರು. ಪೂಜೆಯು ಬರಿಯ ರೂಢಿಯಾಗಿ, ಉಪದೇಶವು ಬರಿಯ ಬಾಯಿಪಾಠವಾಗಿ, ಅಂತರಂಗದ ಒರತೆಯು ಹೊರಗಿನವರಾರಿಗೂ ತಿಳಿಯದಂತೆ ಬತ್ತಿಹೋಗುವುದು. ಭಕ್ತರ ಭಕ್ತಿಯೇ ಗುರುವಿನ ಹೊತ್ತನ್ನೆಲ್ಲ ತಿಂದುಹಾಕುವುದೂ ಉಂಟು. ಈ ಅಪಾಯವನ್ನು ಕಣ್ಣಾರೆ ಕಂಡು, ಅದಕ್ಕೆ ತಕ್ಕ ಉಪಾಯವನ್ನು ಕಟ್ಟಿನಿಲ್ಲಿಸಿದ ಮಹಾನುಭಾವರೇ ಲಿಂಗೈಕ್ಯ ಹಾನಗಲ್ಲ ಶ್ರೀ ಕುಮಾರ ಮಹಾಶಿವಯೋಗಿಗಳವರು.

ಶ್ರೀಗಳವರು 1867ನೆಯ ಇಸವಿಯಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದರು. ಆ ಸೀಮೆಯು ಅಂದು ಧಾರವಾಡ ಜಿಲ್ಲೆಗೆ ಸೇರಿದ್ದಿತು. ಇಂದು ಹಾವೇರಿ ಜಿಲ್ಲೆಯಲ್ಲಿರುವುದು. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು. ಹಾಲಯ್ಯನೆಂಬುದು ಬಾಲ್ಯದ ಹೆಸರು. ತಾರುಣ್ಯದಲ್ಲಿ ಕೆಲಕಾಲ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಹಾಲಯ್ಯನವರು ವೈರಾಗ್ಯವು ಬಲಿಯಲಾಗಿ ಮನೆಯನ್ನು ತೊರೆದು, ಎಳಂದೂರು ಶ್ರೀ ಬಸವಲಿಂಗ ಸ್ವಾಮಿಗಳವರನ್ನು ಆಶ್ರಯಿಸಿ, ಅವರ ಸನ್ನಿಧಿಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಅಭ್ಯಸಿಸಿದರು. ಹಾನಗಲ್ಲ ವಿರಕ್ತಮಠದ ಅಧಿಕಾರವು ತಮ್ಮ ಪಾಲಿಗೆ ಬಂದಾಗ ಅವರು ಬರಿಗೈಯಲ್ಲಿ ಪೀಠವನ್ನೇರಲಿಲ್ಲ. ಗುರುಸೇವೆಯಲ್ಲಿ ಗಳಿಸಿದ ಬುತ್ತಿಯು ಅವರಲ್ಲಿದ್ದಿತು. ಮುಂದಿನ ಚರಿತ್ರೆಯನ್ನು ತಿಳಿಯುವುದಕ್ಕೆ ಇದೊಂದು ಮುಖ್ಯವಾದ ಸಂಗತಿ.

1904ರಲ್ಲಿ ಧಾರವಾಡದಲ್ಲಿ ಶ್ರೀಗಳವರ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ಸೇರಿತು. ಶಿರಸಂಗಿ ಲಿಂಗರಾಜರು ಅದರ ಅಧ್ಯಕ್ಷರಾದರು. ವಿದ್ಯಾಪ್ರಸಾರ, ಸಂಘಟನೆ, ದಾನಧರ್ಮ ಇವೆಲ್ಲ ಆ ಸಭೆಯ ಉದ್ದೇಶಗಳಾಗಿದ್ದುವು. ಆದರೆ ಸಭೆಗಳಿಂದ ಸಮಾಜವು ಎಚ್ಚರಗೊಂಡರೂ, ಎಚ್ಚರಗೊಂಡವರಿಗೆ ದಾರಿ ತೋರುವ ಗುರುಗಳೆಲ್ಲಿ ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಎಳೆಯ ವಟುವನ್ನು ಮರಿಯಾಗಿ ಆರಿಸಿ, ತಕ್ಕ ಶಿಕ್ಷಣವಿಲ್ಲದೆಯೇ ಪೀಠದಲ್ಲಿ ಕುಳ್ಳಿರಿಸಿ, ಮರುದಿನದಿಂದಲೇ ಅವನಿಗೆ ಅಡ್ಡಬಿದ್ದರೆ ಆ ಎಳೆಯ ಹೆಗಲು ಎಷ್ಟು ಭಾರವನ್ನು ತಾಳೀತು? ಅಂಥವನು ಮುಂದೆ ಸೋತರೆ ತಪ್ಪು ಅವನೊಬ್ಬನದೇ ಅಲ್ಲ, ಕುಳ್ಳಿರಿಸಿದವರದೂ ಹೌದು.

ಇದಕ್ಕೆ ಶ್ರೀಗಳವರು ಕಂಡುಕೊಂಡ ಪರಿಹಾರವೇ ಶಿವಯೋಗಮಂದಿರ. ಇಳಕಲ್ಲ ಶ್ರೀ ವಿಜಯಮಹಾಂತ ಶಿವಯೋಗಿಗಳವರ ಮಾರ್ಗದರ್ಶನದಿಂದ 1909ರಲ್ಲಿ ಬಾದಾಮಿ ತಾಲೂಕಿನ ಮಲಪ್ರಭಾ ತೀರದಲ್ಲಿ ಅದು ಸ್ಥಾಪಿತವಾಯಿತು. ಪೇಟೆಯ ಗದ್ದಲವಿಲ್ಲದ ಹೊಳೆಯ ದಂಡೆ, ಸುತ್ತಲೂ ಅಡವಿ, ಸಮೀಪದಲ್ಲಿಯೇ ಮಹಾಕೂಟದ ಗುಡ್ಡಗಳು. ಸ್ಥಳವೇ ಅರ್ಧ ಶಿಕ್ಷಣವನ್ನು ಕೊಡುವಂತಿದ್ದಿತು.

ಮಂದಿರದ ಶಿಕ್ಷಣದಲ್ಲಿ ಶಾಸ್ತ್ರಪಾಠವು ಒಂದು ಭಾಗ ಮಾತ್ರ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಸ್ನಾನ, ಇಷ್ಟಲಿಂಗಪೂಜೆ, ಆಸನ ಪ್ರಾಣಾಯಾಮಗಳು. ಬಳಿಕ ಸಂಸ್ಕೃತ ಕನ್ನಡಗಳ ವ್ಯಾಸಂಗ. ಸಂಗೀತಕ್ಕೂ ಆಯುರ್ವೇದಕ್ಕೂ ಅಲ್ಲಿ ಮನ್ನಣೆಯಿದ್ದಿತು. ಜೊತೆಗೆ ಗೋಶಾಲೆಯ ಸೇವೆ. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿಯಿಳಿಸಿ, ಗಟ್ಟಿಗಳನ್ನಾಗಿ ಮಾಡುವ ವಿಭೂತಿಯ ಕಾಯಕವನ್ನೂ ಶ್ರೀಗಳವರು ಅಲ್ಲಿ ನೆಲೆಗೊಳಿಸಿದರು. ಭಸ್ಮವನ್ನು ಧರಿಸುವವನು ಅದು ಆಗುವ ಬಗೆಯನ್ನೂ ಅರಿತಿರುವುದು ಮೇಲಲ್ಲವೆ? ದೇಹವು ದುಡಿದು ದಣಿದರೆ ಮನಸ್ಸಿನ ಆಯಾಸವು ಕಳೆಯುವುದೆಂಬುದನ್ನು ಒಕ್ಕಲಿಗರು ಬಲ್ಲರು; ಗದ್ದುಗೆಯ ಮೇಲಿರುವವರು ಬೇಗನೆ ಮರೆಯುವರು. ಮತ್ತೊಂದು ಲಾಭವನ್ನೂ ಹೇಳಬೇಕು. ಒಂದೇ ಛಾವಣಿಯಡಿ ಬೆಳೆದ ಸಾಧಕರು ಮುಂದೆ ದೂರದೂರದ ಮಠಗಳಿಗೆ ಹೋದರೂ ಒಬ್ಬರನ್ನೊಬ್ಬರು ಬಲ್ಲವರಾಗಿ ಉಳಿದರು. ಪೀಠದಲ್ಲಿರುವವರಿಗೆ ಅಡ್ಡಬೀಳುವವರು ಸಾವಿರ ಜನ, ಸಮನಾಗಿ ಕುಳಿತು ಮಾತಾಡುವವರು ವಿರಳ. ಆ ಕೊರತೆಯನ್ನು ಮಂದಿರದ ಒಡನಾಟವು ತುಂಬಬಲ್ಲುದಾಯಿತು.

ಈ ಕಾರ್ಯಕ್ಕಾಗಿ ಶ್ರೀಗಳವರು ಜೋಳಿಗೆ ಹಿಡಿದು ಊರೂರು ಸಂಚರಿಸಿದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಮೆಚ್ಚಿ ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳವರು. ಇಷ್ಟೆಲ್ಲ ಹೊರಗಿನ ಓಡಾಟವಿದ್ದರೂ ಶ್ರೀಗಳವರ ಬಾಳಿನ ಕೀಲು ಲಿಂಗಪೂಜೆಯೇ ಆಗಿದ್ದಿತು. ಕೆಲಸವು ಹೆಚ್ಚಿತೆಂದು ಪೂಜೆಯನ್ನು ಮೊಟಕುಗೊಳಿಸುವುದು, ಎಣ್ಣೆ ಉಳಿಸಲೆಂದು ದೀಪವನ್ನೇ ಆರಿಸಿದಂತೆ.

1930ನೆಯ ಇಸವಿ ಫೆಬ್ರುವರಿ 19ರಂದು ಶ್ರೀಗಳವರು ಶಿವಯೋಗಮಂದಿರದಲ್ಲಿಯೇ ಲಿಂಗೈಕ್ಯರಾದರು. ಹಾನಗಲ್ಲ ಪೀಠವನ್ನು ಶ್ರೀ ಸದಾಶಿವ ಸ್ವಾಮಿಗಳವರು ಮುಂದುವರಿಸಿದರು. ಮಂದಿರದಲ್ಲಿ ಕಲಿತ ಸಾಧಕರು ನಾಡಿನ ಅನೇಕ ಮಠಗಳ ಪೀಠಗಳನ್ನೇರಿದರು. ಮಲಪ್ರಭೆಯ ದಂಡೆಯಲ್ಲಿ ಶ್ರೀಗಳವರ ಗದ್ದುಗೆಯಿದೆ. ಅಲ್ಲಿಯ ವಿಭೂತಿಯು ಇಂದಿಗೂ ಭಕ್ತರ ಮನೆಗಳನ್ನು ಸೇರುತ್ತಿದೆ.